ಜ್ಯೂರಿ ಇಲ್ಲದ ಕಡೆ ಜ್ಯೂರಿ ನಾಟಕ: ಕೊಡಗಿನ ಒಂದು ತಂಡದ ಪ್ರಕರಣ

1986ರಲ್ಲಿ ಬಾಸು ಚಟರ್ಜಿ 'ಏಕ್ ರುಕಾ ಹುವಾ ಫೈಸ್ಲಾ' ಅನ್ನೋ ಹಿಂದಿ ಸಿನಿಮಾ ತೆಗೆದಾಗ ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಜ್ಯೂರಿ, ಅಂದರೆ ಆರೋಪಿ ತಪ್ಪಿತಸ್ಥನಾ ಅಲ್ವಾ ಅಂತ ಹೇಳಲು ಕೂರಿಸುವ ಸಾಮಾನ್ಯ ಜನರ ಗುಂಪು, ಅನ್ನೋದೇ ಉಳಿದಿರಲಿಲ್ಲ. ಆಗ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಜಾಗವನ್ನೇ ಕೊಟ್ಟಿರಲಿಲ್ಲ. ಆದರೂ ಸಿನಿಮಾದಲ್ಲಿ ಹನ್ನೆರಡು ಗಂಡಸರು ಒಂದು ಕೋಣೆಯಲ್ಲಿ ಕೂತು, ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗನಿಗೆ ಗಲ್ಲು ಆಗಬೇಕಾ ಬೇಡ್ವಾ ಅಂತ ಸುಮಾರು ಎರಡು ಗಂಟೆ ಜಗಳ ಆಡುತ್ತಾರೆ. ಹಾಡಿಲ್ಲ, ಹೀರೋಯಿನ್ ಇಲ್ಲ, ಕೋಣೆ ಬಿಟ್ಟು ಹೊರಗೆ ಹೋಗೋದೂ ಅಪರೂಪ. ಇದು ಯಾವ ದೇಶದ ಕೋರ್ಟು ಸ್ವಾಮಿ ಅಂತ ಯಾರೂ ಕೇಳೋದಿಲ್ಲ. ಸುಮ್ನೆ ಕೂತು ಕೊನೇ ತನಕ ನೋಡುತ್ತಾರೆ.

ಇದು ಸ್ವಂತ ಕಥೆ ಅಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತು. ರೆಜಿನಾಲ್ಡ್ ರೋಸ್ 1954ರಲ್ಲಿ ಅಮೆರಿಕದ ಟಿವಿಗೆ ಬರೆದ ನಾಟಕ. ಅದನ್ನೇ 1957ರಲ್ಲಿ ಸಿಡ್ನಿ ಲುಮೆಟ್ '12 ಆಂಗ್ರಿ ಮೆನ್' ಅಂತ ಸಿನಿಮಾ ಮಾಡಿದರು. ಲುಮೆಟ್‌ಗೆ ಅದು ಮೊದಲ ಸಿನಿಮಾ, 96 ನಿಮಿಷ. ಹಿಂದಿಯವರು ಕಥೆಯ ಕೀಲುಗಳನ್ನು ಹೆಚ್ಚುಕಮ್ಮಿ ಇದ್ದ ಹಾಗೆ ಇಟ್ಟುಕೊಂಡಿದ್ದಾರೆ. ಚಾಕು, ಕುಂಟುವ ಮುದುಕ, ಹಾದು ಹೋಗುವ ರೈಲು, ಕನ್ನಡಕದ ಗುರುತು, ಎಲ್ಲಾ ಇದೆ.

ಈಗ ನಮ್ಮ ಪ್ರಕರಣಕ್ಕೆ ಬರುತ್ತೇನೆ. ವಿರಾಜಪೇಟೆ ಕಡೆಯ ನಮ್ಮ ಹವ್ಯಾಸಿ ತಂಡ ಈ ಕಥೆಯನ್ನು ಕನ್ನಡದಲ್ಲಿ ಆಡಲು ಹೊರಟಿತು. ಕೊಡಗಿನಲ್ಲಿ ಇಂಥ ಕೆಲಸಕ್ಕೆಲ್ಲ ಮಳೆಗಾಲವೇ ಸರಿ. ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗೋದಿಲ್ಲ, ಜುಲೈನಲ್ಲಿ ಆದರೆ ಎಲ್ಲರೂ ಮನೆಯಲ್ಲೇ ಇರುತ್ತಾರೆ, ಕರೆಂಟ್ ಮಾತ್ರ ಇರೋದಿಲ್ಲ. ತಂಡದ ಒಬ್ಬರ ತೋಟದಲ್ಲಿ ಕಾಫಿ ಗೋದಾಮು ಖಾಲಿ ಇತ್ತು, ಅಲ್ಲೇ ಅಭ್ಯಾಸ. ತಂಡ ಅಂದರೆ ಒಬ್ಬ ವಕೀಲರು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಹೈಸ್ಕೂಲ್ ಟೀಚರ್ ಅಕ್ಕ, ಮೆಡಿಕಲ್ ಶಾಪಿನವರು, ಸೇನೆಯಿಂದ ನಿವೃತ್ತರಾದ ಒಬ್ಬ ಮಾವ, ತೋಟದ ಕೆಲಸದ ಒಬ್ಬ ಹುಡುಗ, ಹೀಗೆ ನಾನಾ ತರದವರು. ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ, ಮಲೆಯಾಳ ಮಾತಾಡುವವರಿದ್ದಾರೆ, ತುಳುವರಿದ್ದಾರೆ. ಎಲ್ಲರನ್ನೂ ಸೇರಿಸುವ ಭಾಷೆ ಕನ್ನಡ.

ಶುರುವಿನಲ್ಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ಇದನ್ನು ನಮ್ಮ ಊರಿನ ಕಥೆ ಮಾಡೋಣ. ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು ಅನ್ನೋದೇ ಈ ಬರಹದ ವಿಷಯ.

ಜ್ಯೂರಿಯ ಲೆಕ್ಕ

ಮೊದಲು ತಕರಾರು ತೆಗೆದವರು ವಕೀಲರು. "ನಮ್ಮಲ್ಲಿ ಜ್ಯೂರಿ ಇದ್ದಾಗಲೂ ಹೀಗೆ ಇರಲಿಲ್ಲ ಕಣ್ರೀ" ಅಂದರು. ಅವರು ಹೇಳಿದ್ದು ಸರಿ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಪ್ರಕಾರ ಹೈಕೋರ್ಟಿನ ಜ್ಯೂರಿಯಲ್ಲಿ 9 ಜನ. ಸೆಷನ್ಸ್ ಕೋರ್ಟಿನಲ್ಲೂ 9ಕ್ಕಿಂತ ಜಾಸ್ತಿ ಇಲ್ಲ. ಹನ್ನೆರಡು ಅನ್ನೋದು ನೇರ ಅಮೆರಿಕದಿಂದ ಬಂದ ಸಂಖ್ಯೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ನಮ್ಮ ಜ್ಯೂರಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಲೇಬೇಕು ಅಂತ ಇರಲಿಲ್ಲ. ಬಹುಮತ ಬಂದರೂ ನಡೆಯುತ್ತಿತ್ತು, ಆ ಬಹುಮತ ತಪ್ಪು ಅಂತ ಸೆಷನ್ಸ್ ಜಡ್ಜಿಗೆ ಅನ್ನಿಸಿದರೆ ಹೈಕೋರ್ಟಿಗೆ ಕಳಿಸಬಹುದಿತ್ತು.

ನಾನಾವತಿ ಕೇಸಿನಲ್ಲಿ ಆಗಿದ್ದೂ ಅದೇ. 1959ರ ಏಪ್ರಿಲ್ 27ರಂದು ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿ ಮುಂಬೈಯಲ್ಲಿ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದರು. ಜ್ಯೂರಿ 8-1ರಲ್ಲಿ ನಿರ್ದೋಷಿ ಅಂದಿತು. ಜಡ್ಜು ಒಪ್ಪಲಿಲ್ಲ, ಕೇಸು ಹೈಕೋರ್ಟಿಗೆ ಹೋಯಿತು, ಅಲ್ಲಿ ಜೀವಾವಧಿ ಆಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ಇಂಡಿಯಾದ ಕೊನೇ ಜ್ಯೂರಿ ಕೇಸು ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ ಅಲ್ಲ. ಕೆಲವು ಕಡೆ ಆಮೇಲೂ ಜ್ಯೂರಿ ನಡೆದಿದೆ. ಜ್ಯೂರಿ ಬೇಡ ಅನ್ನೋ ಮಾತೂ ನಾನಾವತಿಯಿಂದ ಹುಟ್ಟಿದ್ದಲ್ಲ, 1958ರಲ್ಲೇ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಅದನ್ನು ತೆಗೆದುಹಾಕಿ ಅಂದಿತ್ತು.

ಅಂದರೆ ಬಾಸು ಚಟರ್ಜಿ ತೋರಿಸಿದ ಕೋಣೆ 1898ರ ಆ ಕಾನೂನಿನ ಕಾಲದಲ್ಲೂ ನಮ್ಮಲ್ಲಿ ಇರಲಿಲ್ಲ. ಹನ್ನೆರಡು ಜನ, ಹನ್ನೆರಡೂ ಒಂದೇ ಮಾತು, ಆ ತನಕ ಬಾಗಿಲು ತೆಗೆಯೋ ಹಾಗಿಲ್ಲ. ಇಷ್ಟು ತಿಳಿದ ಮೇಲೆ ತಂಡದಲ್ಲಿ ಅರ್ಧ ಜನ, ಹಾಗಾದರೆ ಜ್ಯೂರಿ ಬಿಡೋಣ, ಬೇರೆ ಏನಾದರೂ ಮಾಡೋಣ ಅಂದರು.

ಕಾಫಿ ಕಳ್ಳತನದ ಕಥೆ

ಬೇರೆ ಏನು ಅಂದರೆ, ಕಾಫಿ ಕಳ್ಳತನ. ಇದು ರೈಟರಣ್ಣನ ಐಡಿಯಾ. ಕಣದಲ್ಲಿ ಒಣಗಲು ಹಾಕಿದ ಕಾಫಿ ರಾತ್ರೋರಾತ್ರಿ ಮಾಯ ಆಗೋದು ಇಲ್ಲಿ ಹೊಸದಲ್ಲ, ರೇಟು ಏರಿದ ವರ್ಷ ಇನ್ನೂ ಜಾಸ್ತಿ. ತೋಟದ ಕೆಲಸದವರ ಲೈನ್ ಮನೆಯ ಒಬ್ಬ ಹುಡುಗನ ಮೇಲೆ ಅನುಮಾನ. ಊರಿನ ಹಿರಿಯರು ಹನ್ನೆರಡು ಜನ ಸೇರುತ್ತಾರೆ. ಹನ್ನೊಂದು ಜನ ಅವನೇ ಕದ್ದಿದ್ದು ಅನ್ನುತ್ತಾರೆ, ಒಬ್ಬರು ಮಾತ್ರ ತಡೀರಿ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ, ಅಲ್ವಾ? ಟೀಚರ್ ಅಕ್ಕ ಕೂತು ಮೊದಲ ಅಂಕ ಬರೆದೂ ಬಿಟ್ಟರು. ಮಾತುಗಳು ಸೊಗಸಾಗಿದ್ದವು.

ಆಡಲು ನಿಂತಾಗ ಅದು ಮೇಲೇಳಲಿಲ್ಲ. ಯಾಕೆ ಅಂತ ಹುಡುಕಿದಾಗ ಸಿಕ್ಕಿದ ಕಾರಣಗಳೇ ನನಗೆ ಮೂಲ ಕಥೆಯನ್ನು ಅರ್ಥ ಮಾಡಿಸಿದ್ದು.

ಮೊದಲನೇದು ಎಲ್ಲರಿಗೂ ಹೊಳೆಯುವಂಥದ್ದು. ಕಾಫಿ ಕದ್ದರೆ ಯಾರೂ ಗಲ್ಲಿಗೆ ಹಾಕೋದಿಲ್ಲ. ಹೆಚ್ಚೆಂದರೆ ಕೆಲಸದಿಂದ ತೆಗೆಯುತ್ತಾರೆ, ಇಲ್ಲ ಪೊಲೀಸಿಗೆ ಕೊಡುತ್ತಾರೆ. ಸರಿ, ಕೊಲೆಯನ್ನೇ ಇಡೋಣ ಅಂದರೆ ಊರಿನ ಹಿರಿಯರಿಗೆ ಕೊಲೆ ವಿಚಾರಿಸುವ ಅಧಿಕಾರ ಎಲ್ಲಿಂದ ಬಂತು?

ಎರಡನೇದು ಬಾಗಿಲು. ಊರಿನ ಸಭೆಯಲ್ಲಿ ಬೇಜಾರಾದವರು ಎದ್ದು ಹೋಗುತ್ತಾರೆ. ಯಾರಿಗೂ ಮನಸ್ಸಿಲ್ಲದಿದ್ದರೆ ಮುಂದಿನ ವಾರ ನೋಡೋಣ ಅನ್ನುತ್ತಾರೆ. ಆ ಮುಂದಿನ ವಾರ ಬರೋದೇ ಇಲ್ಲ. ಜ್ಯೂರಿ ಕಥೆಯಲ್ಲಿ ಇಷ್ಟ ಇಲ್ಲದವರೂ ಕೂರಲೇಬೇಕು, ಒಬ್ಬ ಬೇರೆ ಮಾತು ಹೇಳಿದರೆ ಅವನ ಜೊತೆ ಮಾತಾಡಲೇಬೇಕು. ಬಹುಮತ ಸಾಕು ಅಂತಿದ್ದರೆ ಮೊದಲ ಸಲ ಕೈ ಎತ್ತಿದಾಗಲೇ 11-1ರಲ್ಲಿ ಕಥೆ ಮುಗಿಯುತ್ತಿತ್ತು, ಒಬ್ಬನೇ ಬೇರೆ ಮಾತು ಹೇಳುವ ಎಂಟನೇ ಜ್ಯೂರಿಯ ಮಾತು ಕೇಳುವ ಗತಿ ಯಾರಿಗೂ ಇರುತ್ತಿರಲಿಲ್ಲ.

ಮೂರನೇದೇ ನಿಜವಾದ ಕಾರಣ. ಹೆಸರು. ನಮ್ಮ ಕಾಫಿ ಕಥೆಯಲ್ಲಿ ಹನ್ನೆರಡೂ ಹಿರಿಯರು ಒಬ್ಬರಿಗೊಬ್ಬರು ಗೊತ್ತು. ಕೊಡಗಿನಲ್ಲಿ ಇಬ್ಬರು ಅಪರಿಚಿತರು ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ಜೊತೆಗೆ ನಿಂತರೂ 'ನೀವು ಯಾವ ಮನೆಯವರು' ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಆಮೇಲೆ ನಮ್ಮ ಹೆಸರು. ಅದು ತಿಳಿದರೆ ಸಾಕು, ಅಜ್ಜ ಯಾರು, ತೋಟ ಎಲ್ಲಿದೆ, ಹೆಣ್ಣು ಯಾರ ಮನೆಯಿಂದ ತಂದಿದ್ದಾರೆ, ಯಾರ ಜೊತೆ ಗಡಿ ತಕರಾರಿದೆ, ಎಲ್ಲಾ ಅಂಗೈಯಲ್ಲಿ. ಇಂಥವರು ಹನ್ನೆರಡು ಜನ ಮೇಜಿನ ಸುತ್ತ ಕೂತರೆ, ಒಬ್ಬರು ಬಾಯಿ ತೆಗೆಯುವ ಮೊದಲೇ ಅವರು ಏನು ಹೇಳುತ್ತಾರೆ ಅಂತ ಉಳಿದವರಿಗೆ ಗೊತ್ತಿರುತ್ತದೆ. ಆ ಅಣ್ಣ ಅವರ ಭಾವನ ಪರ, ಈ ಮಾವನಿಗೆ ಸಾವುಕಾರರ ಹತ್ತಿರ ಸಾಲ ಇದೆ. ವಾದಕ್ಕೆ ಜಾಗವೇ ಇಲ್ಲ. ಲೈನ್ ಮನೆ ಹುಡುಗನೂ ಹಾಗೇ, ಅವನ ಅಪ್ಪ ಕುಡಿಯುತ್ತಾನೆ ಅನ್ನೋದೂ ಎಲ್ಲರಿಗೂ ಗೊತ್ತು.

ಲುಮೆಟ್ ಸಿನಿಮಾದಲ್ಲಿ ಯಾರಿಗೂ ಹೆಸರಿಲ್ಲ. ಕೊನೆಯಲ್ಲಿ, ಎಲ್ಲಾ ಮುಗಿದು ಕೋರ್ಟಿನ ಮೆಟ್ಟಿಲ ಮೇಲೆ, ಎಂಟನೇ ಜ್ಯೂರಿ ಮತ್ತು ವಯಸ್ಸಾದ ಒಂಬತ್ತನೇ ಜ್ಯೂರಿ ಮಾತ್ರ ಹೆಸರು ಹೇಳಿಕೊಂಡು ಕೈ ಕುಲುಕಿ ಹೋಗುತ್ತಾರೆ. ಅಮೆರಿಕದವರಿಗೆ ಅದು ಒಂದು ಸೊಗಸು ಅಷ್ಟೇ ಇರಬಹುದು. ಆದರೆ ಇಂಡಿಯಾದಲ್ಲಿ ಹೆಸರು ಮುಚ್ಚಿಡೋದು ಸಣ್ಣ ವಿಷಯ ಅಲ್ಲ. ಶರ್ಮಾ, ಖಾನ್, ಯಾದವ್ ಅಂತ ಒಂದು ಸರ್‌ನೇಮ್ ಬಿದ್ದರೆ ಸಾಕು, ನೋಡುವವರು ಅರ್ಧ ತೀರ್ಮಾನ ಮಾಡಿಬಿಡುತ್ತಾರೆ. ಹಿಂದಿ ಸಿನಿಮಾದಲ್ಲೂ ಎಲ್ಲರೂ ನಂಬರುಗಳೇ. ಮೂರನೇ ಜ್ಯೂರಿ ಪಂಕಜ್ ಕಪೂರ್, ಎಂಟನೇಯವರು ಕೆ. ಕೆ. ರೈನಾ, ಒಂಬತ್ತನೇಯವರು ಅನ್ನು ಕಪೂರ್. ಕಾನೂನಿನ ಲೆಕ್ಕದಲ್ಲಿ ಇದು ಸುಳ್ಳು ಕೋರ್ಟು. ಆದರೆ ಜಾತಿ, ಊರು, ಮನೆತನ ಯಾವುದೂ ಗೊತ್ತಿಲ್ಲದ ಹನ್ನೆರಡು ಭಾರತೀಯರನ್ನು ಒಂದೇ ಮೇಜಿಗೆ ಕೂರಿಸಲು ಆ ಸುಳ್ಳು ಕೋರ್ಟು ಬೇಕೇ ಬೇಕಿತ್ತು. ಅದನ್ನು ತೆಗೆದು ಪಂಚಾಯ್ತಿ ಕಟ್ಟೆಗೆ ತಂದಿದ್ದರೆ ರೀಮೇಕು ಅಲ್ಲೇ ಸತ್ತುಹೋಗುತ್ತಿತ್ತು. ಜ್ಯೂರಿಯನ್ನು ಹಾಗೇ ಉಳಿಸಿಕೊಂಡಿದ್ದಕ್ಕೆ ಬಾಸು ಚಟರ್ಜಿಯವರನ್ನು ಸೋಮಾರಿತನ ಅಂತ ಬೈಯುವವರಿದ್ದಾರೆ. ನನ್ನ ಪ್ರಕಾರ ಆ ಸಿನಿಮಾದಲ್ಲಿ ಅವರು ಮಾಡಿದ ಅತಿ ಜಾಣ ಕೆಲಸ ಅದೇ.

ಕಾಫಿ ಕಳ್ಳತನದ ಅಂಕ ಕಪಾಟಿಗೆ ಹೋಯಿತು. ಟೀಚರ್ ಅಕ್ಕನಿಗೆ ಸ್ವಲ್ಪ ಬೇಸರ ಆಯಿತು. ಅದನ್ನು ಬೇರೆಯೇ ನಾಟಕ ಮಾಡಿ ಅಂತ ನಾನು ಈಗಲೂ ಹೇಳುತ್ತಿದ್ದೇನೆ, ಆ ರೈಟರ್ ಪಾತ್ರ ನಿಜವಾಗಲೂ ಚೆನ್ನಾಗಿದೆ.

ರೈಲಿನ ಬದಲು ಮಳೆ

ಕೋರ್ಟು ಉಳಿಯಿತು, ನಂಬರುಗಳು ಉಳಿದವು. ಹೆಸರು, ಊರು, ಮನೆ ಯಾವುದೂ ಬರಬಾರದು ಅನ್ನೋದು ನಮ್ಮ ನಿಯಮ ಆಯಿತು. ಸಣ್ಣ ಸಣ್ಣ ವಿಷಯಗಳನ್ನಾದರೂ ಇಲ್ಲಿನವು ಮಾಡೋಣ ಅಂತ ಮತ್ತೆ ಶುರು. ಮೊದಲು ಸಿಕ್ಕಿದ್ದು ರೈಲು.

ಕೊಡಗು ಜಿಲ್ಲೆಯಲ್ಲಿ ರೈಲೇ ಇಲ್ಲ. ರೈಲು ಹತ್ತಬೇಕಾದರೆ ಘಟ್ಟ ಇಳಿಯಬೇಕು, ಇಲ್ಲ ಮೈಸೂರಿಗೆ ಹೋಗಬೇಕು. ಕಥೆಯಲ್ಲಿ ರೈಲಿನ ಕೆಲಸ ಏನು? ಕೆಳಗಿನ ಮನೆಯ ಮುದುಕ, ಹುಡುಗ 'ನಿನ್ನ ಕೊಂದೇ ಬಿಡ್ತೀನಿ' ಅಂತ ಕೂಗಿದ್ದು ಕೇಳಿಸಿತು, ಮರುಕ್ಷಣ ದೇಹ ಬಿದ್ದ ಸದ್ದು ಕೇಳಿಸಿತು ಅನ್ನುತ್ತಾನೆ. ಅದೇ ಹೊತ್ತಿಗೆ ಕಿಟಕಿ ಪಕ್ಕದಲ್ಲೇ ರೈಲು ಹೋಗುತ್ತಿತ್ತು. ಆ ಗದ್ದಲದಲ್ಲಿ ಕೂಗು ಕೇಳಿಸಲು ಸಾಧ್ಯವಾ?

ಮೆಡಿಕಲ್ ಶಾಪಿನವರು ಹೇಳಿದರು, ರೈಲು ಯಾಕೆ, ಮಳೆ ಇಡಿ. ತಗಡಿನ ಶೀಟಿನ ಮೇಲೆ ಜುಲೈ ಮಳೆ ಬೀಳುವಾಗ ಪಕ್ಕದಲ್ಲಿ ಕೂತವರು ಹೇಳಿದ್ದೇ ಕೇಳಿಸೋದಿಲ್ಲ. ಇದನ್ನು ಕೊಡಗಿನವರಿಗೆ ಯಾವ ವಕೀಲರೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ಕೂತಿದ್ದ ಗೋದಾಮಿನಲ್ಲೇ ಸಾಕ್ಷಿ ಸಿಗುತ್ತಿತ್ತು. ಮಳೆ ಜೋರಾದರೆ ಅಭ್ಯಾಸ ನಿಲ್ಲಿಸಿ, ಕಡಿಮೆ ಆಗುವ ತನಕ ಟೀ ಕುಡಿಯುತ್ತಾ ಕೂರುತ್ತಿದ್ದೆವು. ಎಲ್ಲರಿಗೂ ಖುಷಿ ಆಯಿತು, ಬರೆದೂ ಆಯಿತು.

ಸೇನೆಯ ಮಾವ ಮಾತ್ರ ಒಂದು ಪ್ರಶ್ನೆ ಕೇಳಿದರು: "ಎದುರು ಮನೆ ಹೆಂಗಸು ಹೇಗೆ ನೋಡಿದಳು?" ಅದೇ ಸಿಕ್ಕು. ಎದುರು ಮನೆಯ ಹೆಂಗಸು ಕೊಲೆ ನೋಡಿದ್ದು ಹಾದು ಹೋಗುವ ರೈಲಿನ ಕೊನೇ ಎರಡು ಬೋಗಿಗಳ ಕಿಟಕಿಗಳ ಮೂಲಕ. ಅಂದರೆ ಕೊಲೆ ಆದಾಗ ರೈಲು ಇನ್ನೂ ಹೋಗುತ್ತಲೇ ಇತ್ತು ಅನ್ನೋದಕ್ಕೆ ಅವಳ ಮಾತೇ ಆಧಾರ. ಆರು ಬೋಗಿಯ ರೈಲು ಒಂದು ಜಾಗ ದಾಟಲು ಸುಮಾರು 10 ಸೆಕೆಂಡು. ಕೊಲೆ ಕೊನೇ ಎರಡು ಬೋಗಿಯ ಹೊತ್ತಿಗೆ ಆಯಿತು ಅಂದರೆ, ಅದಕ್ಕೂ ಮೊದಲಿನ ಅಷ್ಟೂ ಸೆಕೆಂಡು ಮುದುಕನ ಕಿವಿಗೆ ರೈಲಿನ ಗದ್ದಲವೇ. ಹೆಂಗಸಿನ ಮಾತು ನಿಜ ಆದರೆ ಮುದುಕನ ಮಾತು ನಿಲ್ಲೋದಿಲ್ಲ. ಪ್ರಾಸಿಕ್ಯೂಷನ್‌ನ ಎರಡು ಗಟ್ಟಿ ಸಾಕ್ಷಿಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಈ ಕಥೆ ಕಟ್ಟಿದವರ ಜಾಣತನ ಇಲ್ಲಿದೆ: ಹೊಸ ಸಾಕ್ಷಿ ಒಂದನ್ನೂ ತರದೆ, ಇರೋದನ್ನೇ ಪಕ್ಕಪಕ್ಕ ಇಟ್ಟು ಒಡೆಯುತ್ತಾರೆ.

ಮಳೆಗೆ ಶುರು ಮತ್ತು ಕೊನೆ ಇಲ್ಲ, ನಮ್ಮಲ್ಲಂತೂ ಮೂರು ದಿನವಾದರೂ ಇಲ್ಲ. ಅದನ್ನು ಸೆಕೆಂಡುಗಳಲ್ಲಿ ಅಳೆಯಲು ಆಗೋದಿಲ್ಲ. ಅಷ್ಟು ಮಳೆಯಲ್ಲಿ ಎದುರು ಮನೆಯೂ ಕಾಣೋದಿಲ್ಲ, ಆಗ ಹೆಂಗಸಿನ ಸಾಕ್ಷಿ ಮೊದಲ ಅಂಕದಲ್ಲೇ ಬಿದ್ದುಹೋಗುತ್ತದೆ, ಕೊನೆಯಲ್ಲಿ ಬರುವ ಕನ್ನಡಕದ ಗುರುತಿಗೆ ಕೆಲಸವೇ ಇರೋದಿಲ್ಲ. ರೈಲು ವಾಪಸ್ ಬಂತು.

ಐವತ್ತೈದು ಅಡಿ

ಒಂದು ದೃಶ್ಯವನ್ನು ಮಾತ್ರ ನಾವು ಸಿನಿಮಾಕ್ಕಿಂತ ಚೆನ್ನಾಗಿ ಮಾಡಿದೆವು ಅಂತ ಧೈರ್ಯವಾಗಿ ಹೇಳುತ್ತೇನೆ. ಮುದುಕನ ನಡಿಗೆ.

ಕಾಲೆಳೆದು ನಡೆಯುವ ಆ ಮುದುಕ, ಸದ್ದು ಕೇಳಿದ 15 ಸೆಕೆಂಡಿನೊಳಗೆ ಹಾಸಿಗೆಯಿಂದ ಎದ್ದು ಬಾಗಿಲಿಗೆ ಬಂದು ಹುಡುಗ ಓಡೋದನ್ನು ನೋಡಿದೆ ಅನ್ನುತ್ತಾನೆ. ಮೂಲ ಕಥೆಯ ಲೆಕ್ಕ ಹೀಗಿದೆ: ಹಾಸಿಗೆಯಿಂದ ರೂಮಿನ ಬಾಗಿಲಿಗೆ 12 ಅಡಿ, ಅಲ್ಲಿಂದ ಪ್ಯಾಸೇಜಿನಲ್ಲಿ 43 ಅಡಿ. ಸಿನಿಮಾದಲ್ಲಿ ಕೋಣೆ ಸಣ್ಣದು, ಎಂಟನೇ ಜ್ಯೂರಿ ಅಲ್ಲೇ ಹಿಂದೆ ಮುಂದೆ ನಡೆದು ತೋರಿಸುತ್ತಾರೆ. ನಮ್ಮ ಹತ್ತಿರ ಗೋದಾಮಿತ್ತು. ರೈಟರಣ್ಣ ತೋಟದ ಟೇಪು ತಂದರು. ಸಿಮೆಂಟು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಹಾಸಿಗೆ, ಬಾಗಿಲು, ಪ್ಯಾಸೇಜು ಎಲ್ಲಾ ಗೆರೆ ಎಳೆದೆವು. ಪೂರ್ತಿ 55 ಅಡಿ, ಒಂದೇ ನೇರ. ಎಂಟನೇ ಜ್ಯೂರಿ ಪಾತ್ರದವರು ಖಾಲಿ ಗೋಣಿಯ ಮೇಲೆ ಮಲಗಿ, ಎದ್ದು, ಎಡಗಾಲು ಎಳೆಯುತ್ತಾ ಹೊರಟರು. ಮೊಬೈಲಿನಲ್ಲಿ ಸ್ಟಾಪ್‌ವಾಚ್. 15 ಸೆಕೆಂಡಿಗೆ ರೈಟರಣ್ಣ ಚಪ್ಪಾಳೆ ತಟ್ಟಿದರು. ಅವರು ಆಗ ಎಲ್ಲಿದ್ದರು ಅಂದರೆ, ಚಾಕಿನ ಮೊದಲ ಬಾಗಿಲನ್ನು ಈಗಷ್ಟೇ ದಾಟಿ ಪ್ಯಾಸೇಜಿಗೆ ಕಾಲಿಟ್ಟಿದ್ದರು. ಮುಂದೆ ಇನ್ನೂ ಅಷ್ಟುದ್ದ ಬರೀ ನೆಲ ಬಿದ್ದಿತ್ತು. ಗೋಣಿಯ ಒಂದು ದಾರ ಅವರ ಚಪ್ಪಲಿಗೆ ಸಿಕ್ಕಿ ಜೊತೆಗೇ ಎಳೆದುಕೊಂಡು ಬರುತ್ತಿತ್ತು, ಅವರು ಅದನ್ನು ನೋಡಲೂ ಇಲ್ಲ, ಮುಖ ಬಾಗಿಲ ಕಡೆಯೇ ಇತ್ತು. 40 ಸೆಕೆಂಡು ದಾಟಿದ ಮೇಲೆ ಕೊನೇ ಗೆರೆ ಮುಟ್ಟಿದರು. ಯಾರೂ ಮಾತಾಡಲಿಲ್ಲ, ಅಷ್ಟರಲ್ಲಿ ತೋಟದ ಹುಡುಗ, "ಇಷ್ಟೊತ್ತಿಗೆ ಅವನು ಗೋಣಿಕೊಪ್ಪಕ್ಕೆ ಹೋಗಿರ್ತಾನೆ" ಅಂದ. ಆ ಮಾತನ್ನು ನಾಟಕದಲ್ಲಿ ಇಡಬೇಕು ಅಂತ ಎಲ್ಲರಿಗೂ ಆಸೆ. ಊರಿನ ಹೆಸರು ಬಂದರೆ ನಮ್ಮ ನಿಯಮ ಮುರಿಯುತ್ತದೆ ಅಂತ ಬಿಟ್ಟೆವು.

ಪ್ರದರ್ಶನದ ದಿನವೂ ಇದನ್ನು ಹೀಗೇ ಮಾಡಿದೆವು. ಹಾಲಿನ ನಡುವಿನ ದಾರಿಯಲ್ಲಿ, ಜನರ ಪಕ್ಕದಲ್ಲೇ. ಮುಂದಿನ ಸಾಲಿನ ಮಕ್ಕಳು ತಾವಾಗೇ ಜೋರಾಗಿ ಎಣಿಸಲು ಶುರು ಮಾಡಿದರು.

ಚಾಕುವಿನ ವಿಷಯದಲ್ಲೂ ತೋಟದ ಹುಡುಗನೇ ಕೆಲಸಕ್ಕೆ ಬಂದ. ಯಾರೋ ಕೊಡವರ ಕಠಾರಿ ಪೀಚೆಕತ್ತಿ ಇಡೋಣ ಅಂದಿದ್ದರು, ನೋಡಲು ಚೆಂದ, ಕೊಡಗು ಅಂದ ಕೂಡಲೇ ನೆನಪಾಗುತ್ತದೆ. ಸೇನೆಯ ಮಾವ ಒಂದೇ ಮಾತಿನಲ್ಲಿ ಬೇಡ ಅಂದರು. ಕೊಡವ ಗಂಡಸರ ಉಡುಗೆ ಕುಪ್ಯಚೇಲೆಯ ಜೊತೆ ಸೊಂಟಕ್ಕೆ ಸಿಕ್ಕಿಸೋದು, ಮದುವೆಗೆ ಹಬ್ಬಕ್ಕೆ ಧರಿಸೋದು, ಆಯುಧದ ಹಬ್ಬ ಕೈಲ್ ಮುಹೂರ್ತದಲ್ಲಿ ಪೂಜೆಗೆ ಇಡೋದು, ಅದನ್ನು ಅಪ್ಪನ ಎದೆಗೆ ಚುಚ್ಚಿದ ಕತ್ತಿ ಮಾಡೋದಾ? ಸರಿ, ಮಡಚುವ ಚಾಕುವೇ ಇಟ್ಟೆವು. ಕಥೆಯಲ್ಲಿ ಐದನೇ ಜ್ಯೂರಿ ಕೊಳೆಗೇರಿಯಲ್ಲಿ ಬೆಳೆದವನು. ಇಂಥ ಚಾಕು ಬಳಸಿ ಗೊತ್ತಿದ್ದವನು ಕೆಳಗಿನಿಂದ ಮೇಲಕ್ಕೆ ತಿವಿಯುತ್ತಾನೆ, ಗಾಯ ನೋಡಿದರೆ ಮೇಲಿನಿಂದ ಕೆಳಕ್ಕಿದೆ ಅನ್ನುತ್ತಾನೆ. ಅದನ್ನು ತೋರಿಸುವಾಗ ನಮ್ಮ ಹುಡುಗನ ಕೈ ಒಂದು ಚೂರೂ ತಡವರಿಸಲಿಲ್ಲ. ದಿನಾ ಕತ್ತಿ ಹಿಡಿದು ಮರ ಕಪಾತು ಮಾಡುವ ಕೈ ಅದು, ಆಯುಧ ಹಿಡಿದ ಕೂಡಲೇ ಯಾವ ಕಡೆ ತಿರುಗಬೇಕು ಅಂತ ಅದಕ್ಕೆ ಗೊತ್ತು. ವಕೀಲರಿಗೆ ಚಾಕು ಹಿಡಿಯುವುದೇ ಬರಲಿಲ್ಲ.

ಬಸ್ಸು

ಏಳನೇ ಜ್ಯೂರಿಗೆ ಬೇಗ ಹೋಗಬೇಕು. ಅಮೆರಿಕದ ಸಿನಿಮಾದಲ್ಲಿ ಜೇಬಿನಲ್ಲಿ ಬೇಸ್‌ಬಾಲ್ ಟಿಕೆಟ್. ನಮ್ಮಲ್ಲಿ ಮೊದಲು ಹೊಳೆದಿದ್ದು ಕೊಡವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರು ಮಾಡಿದ್ದು, ಈಗ ಫೈನಲ್ ಅಂದರೆ ಇಡೀ ಕೊಡಗು ಮೈದಾನದಲ್ಲಿರುತ್ತದೆ. ಆದರೆ ಫೈನಲ್ ಅಂದ ಕೂಡಲೇ ಯಾವ ಕುಟುಂಬದ ಮ್ಯಾಚು ಅನ್ನೋ ಪ್ರಶ್ನೆ ಬರುತ್ತದೆ, ಅಲ್ಲಿಗೆ ಮನೆ ಹೆಸರು ಹಿಂದಿನ ಬಾಗಿಲಿನಿಂದ ಒಳಗೆ ಬಂದ ಹಾಗೆ. ಹಾಗಾಗಿ ಕೊನೇ ಬಸ್ಸು ಇಟ್ಟೆವು.

ಇದು ಅಂದುಕೊಳ್ಳದ ಕಡೆ ಹೋಯಿತು. ಮ್ಯಾಚಿಗೆ ಹೊರಟವನ ಮೇಲೆ ನೋಡುವವರಿಗೆ ಸಿಟ್ಟು ಬರುತ್ತದೆ. ಕೊನೇ ಬಸ್ಸು ತಪ್ಪಿಹೋಗುತ್ತದೆ ಅನ್ನುವವನ ಮೇಲೆ ಕೊಡಗಿನಲ್ಲಿ ಯಾರಿಗೂ ಸಿಟ್ಟು ಬರೋದಿಲ್ಲ. ಅವನು ಗಡಿಯಾರ ನೋಡಿದಾಗೆಲ್ಲ ಹಾಲಿನಲ್ಲಿ ಹೆಂಗಸರು ಅಯ್ಯೋ ಪಾಪ ಅಂದರು. ಹಾಗಾಗಿ ಅವನು, ಸಾಕ್ಷಿ ಗೀಕ್ಷಿ ಏನೂ ಯೋಚಿಸದೆ, ಮನೆಗೆ ಹೋದರೆ ಸಾಕು ಅಂತ ಮತ ಬದಲಾಯಿಸಿದಾಗ, ಹನ್ನೊಂದನೇ ಜ್ಯೂರಿ ಅವನನ್ನು ತರಾಟೆಗೆ ತೆಗೆದುಕೊಂಡಿದ್ದು ಪ್ರೇಕ್ಷಕರಿಗೂ ತಗುಲಿತು. ಅವರೂ ಅವನ ಜೊತೆ ಬಸ್ಸಿನ ಚಿಂತೆಯಲ್ಲೇ ಇದ್ದರಲ್ವಾ. ಇಲ್ಲಿನದು ಅಂತ ಉಳಿಸಿಕೊಂಡ ಬದಲಾವಣೆ ಇದೊಂದೇ, ಅದೂ ಉಳಿದಿದ್ದು ಇದೇ ಕಾರಣಕ್ಕೆ.

'ಆ ಜನ'

ಹತ್ತನೇ ಜ್ಯೂರಿಯ ಮಾತು ಬಗ್ಗೆ ತಂಡದಲ್ಲಿ ಸೀರಿಯಸ್ಸಾಗಿ ಜಗಳ ಆಯಿತು. ಸಿನಿಮಾದಲ್ಲಿ ಅವನು ಎದ್ದು ನಿಂತು, ಆ ಜನ ಹಾಗೇ, ಅವರ ರಕ್ತವೇ ಹಾಗೆ ಅಂತ ವಿಷ ಕಾರುತ್ತಾನೆ, ಉಳಿದವರು ಒಬ್ಬೊಬ್ಬರೇ ಅವನಿಗೆ ಬೆನ್ನು ತಿರುಗಿಸುತ್ತಾರೆ. ನಮ್ಮಲ್ಲಿ 'ಆ ಜನ' ಅಂದರೆ ಯಾರು? ಕೆಲವರು ಹೊರಗಿನಿಂದ ಬಂದ ಕೂಲಿಯವರು ಅನ್ನಿ ಅಂದರು. ಈಗ ತೋಟಗಳಲ್ಲಿ ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರು ತುಂಬಾ ಇದ್ದಾರೆ, ಊರಿನಲ್ಲಿ ಏನು ಕಳವಾದರೂ ಮೊದಲ ಬೆರಳು ಆ ಕಡೆ ಹೋಗುತ್ತದೆ. ಲೈನ್ ಮನೆಯವರು ಅನ್ನಿ ಅಂತ ಇನ್ನು ಕೆಲವರು. ತೋಟದ ಹುಡುಗ ಸುಮ್ಮನೆ ಕೂತಿದ್ದ.

ಕೊನೆಗೆ ಏನೂ ಹೇಳದೆ ಬರೀ 'ಆ ಜನ' ಅಂತಲೇ ಬಿಟ್ಟೆವು. ಒಂದು ಗುಂಪಿನ ಹೆಸರು ಹಾಕಿದ್ದರೆ, ಆ ಗುಂಪಿನ ಬಗ್ಗೆ ಹಾಗೆ ಯೋಚಿಸದವರು, ಇದು ನನಗೆ ಸಂಬಂಧ ಇಲ್ಲ ಅಂತ ಆರಾಮಾಗಿ ಕೂರುತ್ತಿದ್ದರು. ಖಾಲಿ ಬಿಟ್ಟರೆ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವ ಜನರನ್ನೇ ಅಲ್ಲಿ ತುಂಬಿಕೊಳ್ಳುತ್ತಾರೆ. ಹೆಸರಿನ ಬಗ್ಗೆ ನಾವು ಮಾಡಿಕೊಂಡ ನಿಯಮ ಇಲ್ಲೂ ಕಾಪಾಡಿತು.

ಆದರೆ ಮಾತಿನ ಧಾಟಿ ಮುಚ್ಚಿಡಲು ಆಗೋದಿಲ್ಲ. ಹೆಸರಿಲ್ಲದಿದ್ದರೂ ನಮ್ಮವರು ಬಾಯಿ ತೆಗೆದರೆ ಯಾರು ಕೊಡವರು, ಯಾರು ಮಲೆಯಾಳಿ, ಯಾರು ತುಳುವರು ಅಂತ ಕೊನೇ ಸಾಲಿನವರಿಗೂ ತಿಳಿಯುತ್ತದೆ. ಎಲ್ಲರಿಗೂ ಒಂದೇ ತರದ ಪುಸ್ತಕದ ಕನ್ನಡ ಕಲಿಸೋಣ ಅಂತ ಪ್ರಯತ್ನ ಪಟ್ಟರೆ, ರೇಡಿಯೋ ವಾರ್ತೆ ಓದಿದ ಹಾಗೆ ಕೇಳಿಸಿತು. ಅವರವರ ಕನ್ನಡದಲ್ಲೇ ಬಿಟ್ಟೆವು. ಮನೆ ಯಾವುದು ಅಂತ ಗೊತ್ತಾಗದಿದ್ದರೆ ಸಾಕು.

ಆಟ ಆದ ಮೇಲೆ

ನಟನೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹಿಂದಿ ಸಿನಿಮಾದ ಒಂದು ದೋಷ ನನ್ನ ಕಣ್ಣಿಗೆ ಅದರ ಅಬ್ಬರ. ಪಂಕಜ್ ಕಪೂರ್, ಅನ್ನು ಕಪೂರ್, ಕೆ. ಕೆ. ರೈನಾ, ಎಂ. ಕೆ. ರೈನಾ ಎಲ್ಲರೂ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾದಿಂದ ಬಂದವರು, ಸ್ಟೇಜಿನ ಗತ್ತು ಕ್ಯಾಮೆರಾ ಮುಂದೆಯೂ ಇಳಿಯೋದಿಲ್ಲ. ಅನ್ನು ಕಪೂರ್‌ಗೆ ಆಗ 30ರ ಆಸುಪಾಸು, ಮಾಡಿದ್ದು ಹಣ್ಣು ಮುದುಕನ ಪಾತ್ರ. ಕತ್ತು, ಕೈ, ಗಂಟಲು ಎಲ್ಲದರಲ್ಲೂ ಮುದಿತನ ಕಾಣಿಸುತ್ತದೆ, ಒಂದು ಹಂತದಲ್ಲಿ ಅದೇ ಜಾಸ್ತಿ ಆಗುತ್ತದೆ. ನಮ್ಮ ಮೂರನೇ ಜ್ಯೂರಿ ಪಂಕಜ್ ಕಪೂರ್ ಅವರನ್ನು ನೋಡಿ ನೋಡಿ ಅದೇ ಕಿರುಚಾಟ ಕಲಿತಿದ್ದರು. ಗೋದಾಮಿನ ಮಳೆಯಲ್ಲಿ ಅದು ಸರಿಯಾಗೇ ಇತ್ತು, ಸ್ಕೂಲ್ ಹಾಲಿನಲ್ಲಿ ಎರಡು ಮಕ್ಕಳು ಅತ್ತವು.

ಒಂಬತ್ತನೇ ಜ್ಯೂರಿಯನ್ನು ನಾವು ಹೆಂಗಸು ಮಾಡಿದ್ದೆವು, ಟೀಚರ್ ಅಕ್ಕನೇ ಮಾಡಿದರು. ನಾಲ್ಕನೇಯವರು ಮೂಗು ಉಜ್ಜಿಕೊಳ್ಳೋದನ್ನು ನೋಡಿ, ಮೂಗಿನ ಎರಡೂ ಕಡೆ ಆ ಗುರುತು ಬರೋದು ಕನ್ನಡಕದಿಂದ, ಕೋರ್ಟಿನಲ್ಲಿ ಎದುರು ಮನೆ ಹೆಂಗಸಿನ ಮೂಗಿನ ಮೇಲೂ ಅದೇ ಗುರುತಿತ್ತು ಅನ್ನುವುದು ಇವರೇ, ರಾತ್ರಿ ಮಲಗಿದ್ದವಳು ಕನ್ನಡಕ ಹಾಕಿಕೊಂಡಿದ್ದಳಾ ಅನ್ನೋ ಪ್ರಶ್ನೆ ಏಳುವುದು ಅದರಿಂದಲೇ. ಹೆಂಗಸಿನ ಬಾಯಲ್ಲಿ ಅದು ಎಷ್ಟು ಸಹಜವಾಗಿತ್ತು ಅಂದರೆ, ಮೂಲದಲ್ಲಿ ಇದನ್ನು ಒಬ್ಬ ಗಂಡಸು ಗಮನಿಸುತ್ತಾನೆ ಅನ್ನೋದೇ ಈಗ ನನಗೆ ಅನುಮಾನ ಹುಟ್ಟಿಸುತ್ತದೆ.

ಆಟ ಮುಗಿದ ಮೇಲೆ ಚರ್ಚೆ ಇಟ್ಟಿದ್ದೆವು. ಮೊದಲ ಪ್ರಶ್ನೆ, ನಿರೀಕ್ಷೆಯಂತೆ, "ಹಾಗಾದರೆ ಕೊಂದಿದ್ದು ಯಾರು?" ಸಿನಿಮಾ ಅದನ್ನು ಹೇಳೋದಿಲ್ಲ, ನಾವೂ ಹೇಳಲಿಲ್ಲ. ಒಬ್ಬ ಹಿರಿಯರು ಎದ್ದು, ಹುಡುಗನೇ ಕೊಂದಿರೋದು, ಆದರೆ ನೀವು ತೋರಿಸಿದ ಸಾಕ್ಷಿಯಲ್ಲಿ ನಾನೂ ಗಲ್ಲಿಗೆ ಕೈ ಎತ್ತುತ್ತಿರಲಿಲ್ಲ ಅಂದರು. ಸಂಶಯದ ಲಾಭ ಅಂತ ಕಾನೂನು ಹೇಳೋದನ್ನು ಇದಕ್ಕಿಂತ ಚೆನ್ನಾಗಿ ನಮ್ಮ ವಕೀಲರೂ ಹೇಳಿರಲಿಲ್ಲ.

ವಕೀಲರದು ಒಂದು ತಕರಾರು ಇನ್ನೂ ಬಗೆಹರಿದಿಲ್ಲ. ಎಂಟನೇ ಜ್ಯೂರಿ ತಾನೇ ಅಂಗಡಿಗೆ ಹೋಗಿ ಅಂಥದೇ ಚಾಕು ಕೊಂಡು ತಂದು ಮೇಜಿಗೆ ಚುಚ್ಚುತ್ತಾನಲ್ಲ, ನಿಜವಾದ ಜ್ಯೂರಿ ಇರುವ ದೇಶದಲ್ಲಿ ಹಾಗೆ ಮಾಡೋ ಹಾಗಿಲ್ಲ. ಕೋರ್ಟಿನಲ್ಲಿ ಬಂದ ಸಾಕ್ಷಿ ಬಿಟ್ಟು ಹೊರಗಿನದನ್ನು ಕೋಣೆಗೆ ತಂದರೆ ವಿಚಾರಣೆಯೇ ರದ್ದಾಗಬಹುದು. ಆ ದೃಶ್ಯ ತೆಗೆಯಿರಿ ಅಂತ ಅವರು, ಅದು ಹೋದರೆ ಮೊದಲ ಅರ್ಧದಲ್ಲಿ ಏನಿದೆ ಅಂತ ನಾವು. ಮುಂದಿನ ಆಟ ಕೊಯ್ಲು ಮುಗಿದ ಮೇಲೆ, ಅಷ್ಟು ಹೊತ್ತಿಗೆ ಗೋದಾಮಿನ ತುಂಬ ಚೀಲ ಇರುತ್ತದೆ, ಅಭ್ಯಾಸಕ್ಕೆ ಬೇರೆ ಜಾಗ ನೋಡಬೇಕು. 55 ಅಡಿ ಉದ್ದದ್ದು ಸಿಕ್ಕರೆ ಒಳ್ಳೇದು.